ಕೂಡದ ಅಳತೆಗಳ ಎರಡನೆಯ ಪ್ರೂಫ್

ಶುಕ್ರವಾರ, ಹದಿನೇಳನೆಯ ತಾರೀಕು
ಮನೆ, ಹೊಲಿಗೆಯಂತ್ರದ ಮೇಜು (ಬೇರೆ ಮೇಜುಗಳ ಮೇಲೆಲ್ಲ ನಿನ್ನ ಪ್ರೂಫ್ ಹರಡಿದೆ)

ಪ್ರೀತಿಯ ಯಾಕಮ್ಮನಿಗೆ,

ಹೇಗಿದ್ದೀಯ ಮಗಳೇ? ಚಳಿ ಶುರುವಾದ ಕೂಡಲೇ ನಿನ್ನನ್ನು ಹಿಡಿಯುವ ಆ ಒಣಕೆಮ್ಮು ಈ ವರ್ಷ ಬಂತೇ, ಬಂದು ಹೋಯಿತೇ, ಇಲ್ಲ ಮನೆ ಮಾಡಿಕೊಂಡು ಕೂತುಬಿಟ್ಟಿದೆಯೇ? ನಿಮ್ಮ ಪ್ರಯೋಗಾಲಯದಲ್ಲಿ ಯಂತ್ರಗಳಿಗೆ ತಂಪು ಬೇಕೆಂದು ಮನುಷ್ಯರನ್ನೂ ತಂಪಿನಲ್ಲಿ ಕೂರಿಸುತ್ತಾರೆ ಎಂದು ನೀನೇ ಹೇಳಿದ್ದೆ. ಕುತ್ತಿಗೆಗೆ ಏನಾದರೂ ಸುತ್ತಿಕೋ. ನನ್ನ ಆರೋಗ್ಯ ನನ್ನ ವಯಸ್ಸಿಗೆ ತಕ್ಕ ಹಾಗಿದೆ. ಎಡಗಣ್ಣಿನ ಪೊರೆ ತೆಗೆಸಿಕೊಂಡೆ. ಈಗ ಅಲ್ಪವಿರಾಮ ಯಾವುದು, ಕಾಗದದ ಮೇಲೆ ಕೂತ ನುಸಿ ಯಾವುದು ಎಂದು ಗೊತ್ತಾಗುತ್ತದೆ. ಆಪರೇಷನ್ನಿನ ದಿನ ಪಕ್ಕದ ಮನೆಯ ಬಡಗಿ ಜೊತೆಗೆ ಬಂದಿದ್ದ. ನಿನಗೆ ಹೇಳಬಾರದೆಂದಲ್ಲ. ಎಂಟು ತಿಂಗಳಿಂದ ಮಾತಿಲ್ಲದ ಮಗಳ ಹತ್ತಿರ ಕಣ್ಣಿನ ಪೊರೆಯಿಂದ ಮಾತು ಶುರು ಮಾಡುವುದು ಹೇಗೆಂದು ತಿಳಿಯಲಿಲ್ಲ, ಅಷ್ಟೇ. ಯಾಕಮ್ಮ ಎಂದು ಕರೆದದ್ದಕ್ಕೆ ಸಿಟ್ಟಾಗಬೇಡ. ಮೂರು ವರ್ಷದವಳಿದ್ದಾಗ ಎಲ್ಲದಕ್ಕೂ 'ಯಾಕೆ, ಯಾಕೆ' ಎಂದು ಪ್ರಾಣ ತಿನ್ನುತ್ತಿದ್ದವಳಿಗೆ ನಿಮ್ಮಮ್ಮ ಇಟ್ಟ ಹೆಸರು ಅದು. ಹಾಗೆ ಕರೆಯುವವರಲ್ಲಿ ಈಗ ನಾನೊಬ್ಬನೇ ಉಳಿದಿದ್ದೇನೆ.

ನಿನ್ನ ಪುಸ್ತಕದ ಎರಡನೆಯ ಮುದ್ರಣದ ಪ್ರೂಫ್ ಮಂಗಳವಾರ ಬಂತು. 'ಅಪ್ಪನೇ ನೋಡಲಿ' ಎಂದು ಪ್ರಕಾಶಕರಿಗೆ ನೀನೇ ಹೇಳಿದೆಯಂತೆ. ಕಿವಿ ಮಂದ ಎಂದು ನೆಪ ಮಾಡಿ ಆ ಮಾತನ್ನು ಪ್ರೂಫ್ ತಂದವರ ಬಾಯಿಂದ ಎರಡು ಸಲ ಹೇಳಿಸಿಕೊಂಡೆ. ಮೂವತ್ತೊಂದನೆಯ ಪುಟಕ್ಕೆ ನೀನು ಪಿನ್ನು ಹಾಕಿದ್ದ ಚೀಟಿಯೂ ಸಿಕ್ಕಿತು. "ಅಪ್ಪಾ, ತನಗೆ ಏನು ಬೇಕು ಅಂತ ಅಮ್ಮ ಹೇಳಿದ್ದಳಾ" ಎಂದಿದೆ. ಅಷ್ಟೇ. ಹೆಸರಿಲ್ಲ, ತಾರೀಕಿಲ್ಲ. ನನ್ನ ಹಾಳು ಅಭ್ಯಾಸ ನೋಡು, ಓದಿದ ಮರುಕ್ಷಣ ಕೈ ತಾನಾಗಿ ಕೆಂಪು ಪೆನ್ನು ತೆಗೆದು ಸಾಲಿನ ಕೊನೆಗೆ ಪ್ರಶ್ನೆಯ ಗುರುತು ಹಾಕಿಬಿಟ್ಟಿತು. ಹಾಕಿದ ಮೇಲೆ ನಾಚಿಕೆಯಾಯಿತು. ಮಗಳು ಎಂಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು ಕೇಳಿದ ಒಂದೇ ಒಂದು ಪ್ರಶ್ನೆಗೆ ಅಪ್ಪ ಮೊದಲು ಕೊಟ್ಟದ್ದು ಒಂದು ಕೊಕ್ಕೆ, ಒಂದು ಚುಕ್ಕೆ. ಆ ಪ್ರಶ್ನೆಗೆ ಬರುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಸಹಿಸಿಕೋ.

ಮನೆಯ ಸುದ್ದಿ ಏನೆಂದರೆ, ನಿಮ್ಮಮ್ಮ ಹೊಲಿಯಲು ತೆಗೆದುಕೊಂಡು ಹೊಲಿಯಲಾಗದೆ ಬಿಟ್ಟ ಬಟ್ಟೆಗಳಲ್ಲಿ ಮುಕ್ಕಾಲು ಪಾಲನ್ನು ಅವರವರಿಗೆ ಮುಟ್ಟಿಸಿದೆ. ಪ್ರತಿ ಬಟ್ಟೆಯ ಒಳಗೂ ಅಳತೆಯ ಚೀಟಿ ಮಡಿಸಿಟ್ಟಿದ್ದಳು, ಹಾಗಾಗಿ ಹುಡುಕುವ ಕೆಲಸ ಇರಲಿಲ್ಲ. ಒಬ್ಬ ಬಸ್ ಡ್ರೈವರ್ ಮಾತ್ರ ಕೋಟಿನ ಬಟ್ಟೆ ವಾಪಸ್ ಒಯ್ಯಲು ಒಪ್ಪಲೇ ಇಲ್ಲ. "ಅಮ್ಮ ಅಳತೆ ತಗೊಂಡಾಗಿದೆ, ಇನ್ನೊಬ್ಬರ ಮುಂದೆ ಹೋಗಿ ನಿಂತ್ಕೊಳ್ಳೋಕೆ ನನ್ನ ಕೈಲಾಗಲ್ಲ" ಎಂದು ಬಾಗಿಲಲ್ಲೇ ಅತ್ತುಬಿಟ್ಟ, ಅಷ್ಟು ದೊಡ್ಡ ಗಂಡಸು. ಅವನ ಬಟ್ಟೆ ಇಲ್ಲೇ ಇದೆ. ಅಳತೆಯ ಹಳೆಯ ಪುಸ್ತಕವೂ ಸಿಕ್ಕಿತು. ಅದರಲ್ಲಿ ನಿನಗೇ ಎರಡು ಪುಟ, ನಾಲ್ಕನೆಯ ವಯಸ್ಸಿನಿಂದ ಮೂವತ್ತನಾಲ್ಕರವರೆಗೆ. ಪ್ರತಿ ಸಾಲಿನ ಪಕ್ಕ 'ಎರಡು ಬೆರಳು ಹೆಚ್ಚು ಬಿಡಬೇಕು, ಬೆಳೆಯೋ ಹುಡುಗಿ' ಎಂದು ಬರೆದಿದ್ದಾಳೆ. ಮೂವತ್ತನಾಲ್ಕರ ಸಾಲಿನ ಪಕ್ಕದಲ್ಲೂ ಬರೆದಿದ್ದಾಳೆ. ಓದಿ ಜೋರಾಗಿ ನಕ್ಕೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ, ಏಳಲು ಬಹಳ ಹೊತ್ತು ಹಿಡಿಯಿತು.

ಈಗ ಪುಸ್ತಕದ ಮಾತಿಗೆ ಬರೋಣ. ಮೊದಲ ಮುದ್ರಣದಲ್ಲಿ ನಾನು ಮಾಡಿದ ಘನಕಾರ್ಯವನ್ನು ನೀನು ಎತ್ತುವ ಮುಂಚೆ ನಾನೇ ಎತ್ತುತ್ತೇನೆ. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವನು, ನಿವೃತ್ತಿಗೆ ಮುಂಚಿನ ಕೊನೆಯ ಕೆಲಸ ಮಗಳ ಪುಸ್ತಕವೇ ಆಗಲಿ ಎಂದು ಹಟ ಹಿಡಿದು ತೆಗೆದುಕೊಂಡೆ. ನೀನು ಇಟ್ಟ ಹೆಸರು 'ಕೂಡದ ಅಳತೆಗಳು'. ಒಂದರ ಜೊತೆಗೊಂದು ಸೇರಲಾರದ ಅಳತೆಗಳು ಎಂಬ ಅರ್ಥದಲ್ಲಿ. ನನ್ನ ಕಣ್ಣಿಗೆ ಅದು ಅಚ್ಚಿನ ತಪ್ಪಾಗಿ ಕಂಡಿತು. ಒಳಗೆ ಬೇರೆ ನೀನು 'ಕೂಡದ ಅಳತೆಗಳೇ ನಮ್ಮ ಬಂಡವಾಳ' ಎಂದು ಬರೆದಿದ್ದೆ. ಕೂಡದ್ದು ಎಲ್ಲಾದರೂ ಬಂಡವಾಳವಾದೀತೇ? ಒಗ್ಗಟ್ಟಿನಲ್ಲಿ ಬಲವಿದೆ ಎಂದು ಶಾಲೆಯ ಗೋಡೆಯ ಮೇಲೆ ಓದಿಕೊಂಡು ಬೆಳೆದವನು ನಾನು. 'ಡ'ಕಾರಕ್ಕೆ ಗುಡಿಸು ಬಿಟ್ಟುಹೋಗಿದೆ ಎಂದು ತೀರ್ಮಾನಿಸಿ ಹನ್ನೊಂದು ಕಡೆ ಗುಡಿಸು ಹಾಕಿದೆ, ಮುಖಪುಟವೂ ಸೇರಿ. ಪುಸ್ತಕ 'ಕೂಡಿದ ಅಳತೆಗಳು' ಎಂದು ಅಚ್ಚಾಗಿ ಬಂತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ನಿನ್ನ ಹತ್ತು ವರ್ಷದ ಕೆಲಸ ಒಂದು ಗುಡಿಸಿನಿಂದ ತಲೆಕೆಳಗಾಯಿತು, ಜೊತೆಯವರು ನಿನ್ನನ್ನು 'ಕೂಡಿದ ಮೇಡಂ' ಎಂದು ಕರೆಯತೊಡಗಿದರಂತೆ. ನೀನು ಫೋನಿನಲ್ಲಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಅಪ್ಪಾ, ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲಾ" ಅಂದೆ. ಕೇಳಬೇಕಿತ್ತು. ಅನುಮಾನ ಬಂದರೆ ಬರೆದವರನ್ನು ಕೇಳು, ನೀನೇ ತೀರ್ಮಾನ ಮಾಡಬೇಡ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನೇ ಅದನ್ನು ಹೇಳಿಕೊಡುತ್ತಿದ್ದೆ.

ಈ ಸಲ ಎರಡು ಬಾರಿ ಓದಿದೆ. ನಮ್ಮಲ್ಲಿ ಓದುವುದು ಎರಡು ಬಗೆ, ಅಕ್ಷರಕ್ಕೆ ಓದುವುದು ಮತ್ತು ಅರ್ಥಕ್ಕೆ ಓದುವುದು. ಅಕ್ಷರಕ್ಕೆ ಓದುವಾಗ ನಾನು ಪುಟದ ಕೊನೆಯ ಪದದಿಂದ ಹಿಂದಕ್ಕೆ ಬರುತ್ತೇನೆ, ಅರ್ಥ ಹತ್ತಿದರೆ ಕಣ್ಣು ಜಾರುತ್ತದೆ ಎಂದು. ಅರ್ಥಕ್ಕೆ ಓದುವಾಗ ಕಾಗುಣಿತದ ತಪ್ಪು ಎದುರಿಗೆ ನಿಂತು ಕೈಬೀಸಿದರೂ ಕಾಣುವುದಿಲ್ಲ. ಎರಡನ್ನೂ ಒಂದೇ ಓದಿನಲ್ಲಿ ಮುಗಿಸುತ್ತೇನೆ ಎನ್ನುವವನ ಪ್ರೂಫನ್ನು ಇನ್ನೊಬ್ಬ ಮತ್ತೆ ನೋಡಬೇಕಾಗುತ್ತದೆ. ನಿನ್ನ ಕ್ವಾಂಟಮ್ ಎಂದರೆ ಇಷ್ಟೇ ತಾನೇ, ಇದು ನನಗೆ ನಲವತ್ತು ವರ್ಷದಿಂದ ಗೊತ್ತಿತ್ತು ಎಂದು ಹಿಗ್ಗಿದೆ. ಇಪ್ಪತ್ತನೆಯ ಪುಟ ಬರುವಷ್ಟರಲ್ಲಿ ಹಿಗ್ಗು ಇಳಿಯಿತು. ನನ್ನ ಪುಟವನ್ನು ಒಂದು ಸಲ ಓದಿದರೆ ಎರಡನೆಯ ಸಲಕ್ಕೂ ಅದು ಹಾಗೇ ಇರುತ್ತದೆ. ನಿನ್ನ ಕಣ ಹಾಗಲ್ಲ. ಒಂದು ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತದೆ, ಆದರೆ ಕೊಡುವಷ್ಟರಲ್ಲಿ ತಾನೇ ಬೇರೆಯಾಗಿಬಿಡುತ್ತದೆ. ಎರಡನೆಯ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಏನು ಸಿಗುತ್ತಿತ್ತೋ ಅದು ಇನ್ನು ಸಿಗುವುದಿಲ್ಲ. ಕೇಳಿದವನ ಕೈ ಒರಟು ಎಂದಲ್ಲ, ಯಂತ್ರ ಹಳೆಯದು ಎಂದಲ್ಲ, ಅದು ಇರುವುದೇ ಹಾಗೆ. ಇಂಥ ಎರಡು ಪ್ರಶ್ನೆಗಳನ್ನೇ ನೀನು ಕೂಡದ ಅಳತೆಗಳು ಎಂದು ಕರೆದದ್ದು. ನನಗೆ ಅರ್ಥವಾಯಿತು, ತಡವಾಗಿಯಾದರೂ.

ನಿಮ್ಮಮ್ಮನಿಗೆ ಇದು ಮೊದಲ ದಿನವೇ ಅರ್ಥವಾಗಿತ್ತು. ನೀನು ರಜೆಗೆ ಬಂದಾಗ ಊಟದ ಮೇಜಿನ ಮೇಲೆ ಚಮಚ, ಲೋಟ ಎಲ್ಲ ಹರಡಿಕೊಂಡು ಅರ್ಧ ಗಂಟೆ ವಿವರಿಸಿದೆ. ನಾನು ತಲೆಯಾಡಿಸುತ್ತಾ ಕೂತಿದ್ದೆ, ಒಂದಕ್ಷರವೂ ಒಳಗೆ ಹೋಗಿರಲಿಲ್ಲ. ಅವಳು ಸೂಜಿಗೆ ದಾರ ಪೋಣಿಸುತ್ತಾ, "ಅಯ್ಯೋ, ಅಷ್ಟೇ ತಾನೇ? ಉಸಿರು ಎಳ್ಕೊಂಡಾಗ ಎದೆ ಅಳತೆ ಒಂದು, ಬಿಟ್ಟಾಗ ಒಂದು. ಎರಡನ್ನೂ ಒಟ್ಟಿಗೇ ಕೊಡು ಅಂದ್ರೆ ಗಿರಾಕಿ ಸತ್ತೇ ಹೋಗ್ತಾನೆ" ಅಂದಳು. ನೀನು ಎದ್ದು ಅವಳ ಕೆನ್ನೆಗೆ ಮುತ್ತು ಕೊಟ್ಟೆ. ನನಗೆ ಆವತ್ತು ಹೊಟ್ಟೆಕಿಚ್ಚಾಗಿತ್ತು, ಈಗ ಹೇಳುತ್ತಿದ್ದೇನೆ. ಓದುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು ನಾನು, ಮನೆಯಲ್ಲಿ ವಿಷಯ ತಿಳಿಯುತ್ತಿದ್ದುದು ಅವಳಿಗೆ.

ಮೂವತ್ತೊಂದನೆಯ ಪುಟಕ್ಕೆ ಬಂದಾಗ ನನ್ನ ಪೆನ್ನು ನಿಂತುಹೋಯಿತು. ಕೂಡದ ಎರಡು ಅಳತೆಗಳನ್ನು ಕೂಡಿಸಲು ಒಂದು ಉಪಾಯವಿದೆ ಎನ್ನುತ್ತೀಯ ಅಲ್ಲಿ. ಎರಡನ್ನೂ ಮಸುಕು ಮಾಡುವುದು. ಇದಕ್ಕೆ ಸ್ವಲ್ಪ ಗದ್ದಲ, ಅಂದರೆ ಗೊತ್ತುಗುರಿಯಿಲ್ಲದ ತಪ್ಪು, ಬೆರೆಸು, ಅದಕ್ಕೂ ಸ್ವಲ್ಪ ಬೆರೆಸು, ಸಾಕಷ್ಟು ಮಸುಕಾದ ಮೇಲೆ ಒಂದೇ ಯಂತ್ರ ಒಂದೇ ಸಲಕ್ಕೆ ಎರಡಕ್ಕೂ ಉತ್ತರ ಕೊಡುತ್ತದೆ, ಜಗಳವೇ ಇಲ್ಲ. ಆದರೆ ಆಗ ಬಂಡವಾಳವೂ ಕರಗಿಹೋಗಿರುತ್ತದೆ. ಅದನ್ನು ತೋರಿಸಲು ಒಂದು ಆಟ ಹೇಳಿದ್ದೀಯ. ಒಬ್ಬ ಒಂದು ಗುಟ್ಟನ್ನು ಕಣದಲ್ಲಿ ಅಡಗಿಸಿ ಕೊಡುತ್ತಾನೆ, ಅಡಗಿಸಲು ಎರಡು ದಾರಿ. ಯಾವ ದಾರಿಯಲ್ಲಿ ಅಡಗಿಸಿದೆ ಎಂದು ಅವನು ಮೊದಲೇ ತಿಳಿಸಿದರೆ, ಕೂಡದ ಅಳತೆಗಳು ಕೈಯಲ್ಲಿರುವವನು ತಕ್ಕ ಪ್ರಶ್ನೆಯನ್ನೇ ಕೇಳುತ್ತಾನೆ, ಹೆಚ್ಚು ಸಲ ಗೆಲ್ಲುತ್ತಾನೆ. ಮಸುಕಿನ ಯಂತ್ರದವನಿಗೆ ಮೊದಲೇ ತಿಳಿಸಿದರೂ ಒಂದೇ, ಆಮೇಲೆ ತಿಳಿಸಿದರೂ ಒಂದೇ. ಅವನ ಯಂತ್ರ ಕೇಳುವುದು ಯಾವಾಗಲೂ ಅದೇ ಅರೆಬರೆ ಪ್ರಶ್ನೆಯನ್ನು. ಎರಡು ಅಳತೆಗಳ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಅವುಗಳನ್ನು ಕೂಡಿಸಲು ಎಷ್ಟು ಗದ್ದಲ ಸುರಿಯಬೇಕಾಗುತ್ತದೆ ನೋಡು, ಅಷ್ಟೇ ಅವುಗಳ ಬೆಲೆ ಎಂದು ಆ ಪುಟ ಮುಗಿಸಿದ್ದೀಯ. ಚೀಟಿಯನ್ನು ಈ ಪುಟಕ್ಕೇ ಯಾಕೆ ಪಿನ್ನು ಮಾಡಿದೆ ಎಂದು ಆಗ ಹೊಳೆಯಿತು. ಬಹಳ ಹೊತ್ತು ಅಳು ಬಂತು ಮಗಳೇ. ಆಪರೇಷನ್ ಆದ ಕಣ್ಣು, ಅಳಬಾರದು ಎಂದಿದ್ದರು.

ನಾನು ಮೊದಲಿನಿಂದಲೂ ಮಸುಕು ಮಾಡುವವನೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಿಮ್ಮಮ್ಮನಿಗೆ ಕಿಟಕಿ ತೆರೆದಿರಬೇಕು, ನಿನಗೆ ಮುಚ್ಚಿರಬೇಕು. ನಾನು ಅರ್ಧ ತೆರೆದಿಟ್ಟು ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದೆ. ಅದು ಕಿಟಕಿಯ ಮಟ್ಟಿಗೆ ನಡೆಯಿತು. ಆಸ್ಪತ್ರೆಯಲ್ಲಿ ನಿಮ್ಮಮ್ಮನಿದ್ದ ಕೋಣೆಯನ್ನು ನೀನು ಕೊನೆಯ ಒಂದು ದಿನ ಮಾತ್ರ ನೋಡಿದೆ. ಎರಡನೆಯ ಮಹಡಿ, ಕಿಟಕಿಯ ಕೆಳಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ, ದಿನವಿಡೀ ಸೋಪಿನ ಹಬೆ ಮೇಲೆ ಬರುತ್ತಿತ್ತು. ಆ ವಾಸನೆ ತನಗೆ ಇಷ್ಟ ಎನ್ನುತ್ತಿದ್ದಳು. ಹೊಟ್ಟೆಯ ಗಡ್ಡೆ ಬೆನ್ನಿಗೆ ಹಬ್ಬಿದ ಮೇಲೆ, ಬುಧವಾರ ಬೆಳಿಗ್ಗೆ ಡಾಕ್ಟರಮ್ಮ ನನ್ನನ್ನು ಕಾರಿಡಾರಿಗೆ ಕರೆದು, "ಪೂರ್ತಿ ಔಷಧಿ ಕೊಟ್ರೆ ನೋವು ಇರಲ್ಲ, ಆದ್ರೆ ಮಾತೂ ಇರಲ್ಲ. ಕಡಿಮೆ ಕೊಟ್ರೆ ಎಚ್ಚರ ಇರ್ತಾರೆ, ನೋವು ತಡ್ಕೋಬೇಕಾಗುತ್ತೆ. ಮನೆಯವರು ಮಾತಾಡ್ಕೊಂಡು ಹೇಳಿ" ಅಂದರು. ನೀನು ಎರಡು ದಿನದ ದಾರಿಯಲ್ಲಿದ್ದೆ. ನಾನು ಫೋನ್ ಮಾಡಿದೆ. "ಅಮ್ಮನ್ನೇ ಕೇಳಿ ಅಪ್ಪಾ. ಅವಳು ಏನು ಹೇಳ್ತಾಳೋ ಅದನ್ನೇ ಮಾಡಿ. ನಡುವೆ ಮಾತ್ರ ನಿಲ್ಲಬೇಡಿ" ಅಂದೆ. ಅತ್ತ ದರಿ, ಇತ್ತ ಪುಲಿ. ನಾನು ಡಾಕ್ಟರಮ್ಮನ ಹತ್ತಿರ ಹೋಗಿ, "ಎರಡೂ ಸ್ವಲ್ಪ ಸ್ವಲ್ಪ ಇರ್ಲಿ ಡಾಕ್ಟ್ರೇ" ಅಂದೆ. "ಕೆಲವರಿಗೆ ಅದು ಹೊಂದುತ್ತೆ, ಇವರಿಗೆ ಹೊಂದುತ್ತೆ ಅಂತ ನನಗೆ ಅನ್ನಿಸ್ತಿಲ್ಲ" ಎಂದು ಅವರು ಸ್ಪಷ್ಟವಾಗಿ ಹೇಳಿದರು. ನಾನು ಕೈಮುಗಿದು ಕೇಳಿಕೊಂಡೆ. ಅವರ ತಪ್ಪು ಇದರಲ್ಲಿ ಏನೂ ಇಲ್ಲ, ಅವರನ್ನು ದೂರಬೇಡ. ಆಮೇಲೆ ಎರಡು ದಿನ ಅವಳು ನಿದ್ದೆಯೂ ಮಾಡಲಿಲ್ಲ, ಎಚ್ಚರವಾಗಿಯೂ ಇರಲಿಲ್ಲ. ನರಳುತ್ತಿದ್ದಳು, ನಡುನಡುವೆ ಮಾತು ಬರುತ್ತಿತ್ತು, ಮಾತಿಗೆ ತಲೆಬುಡ ಇರುತ್ತಿರಲಿಲ್ಲ. ನೀನು ದಾರಿಯಿಂದ ಮತ್ತೆ ಫೋನ್ ಮಾಡಿ "ಕೇಳಿದ್ರಾ?" ಅಂದಾಗ, 'ಕೇಳಿದೆ, ಅವಳು ಏನೂ ಹೇಳಲಿಲ್ಲ' ಎಂದು ನಾನಂದೆ.

ಶುಕ್ರವಾರ ಮಧ್ಯಾಹ್ನ ನೀನು ಹೆಗಲ ಚೀಲವನ್ನೂ ಇಳಿಸದೆ ಓಡಿಬಂದು ಅವಳ ಕೈ ಹಿಡಿದೆ. ಅವಳು ಅರ್ಧ ಕಣ್ಣು ತೆರೆದು ನಿನ್ನನ್ನು ನೋಡಿದಳು. "ಇನ್ನೂ ಆಗಿಲ್ಲಮ್ಮ, ಸೋಮವಾರ ಬನ್ನಿ" ಅಂದಳು. ಹುಟ್ಟಿದಾಗಿನಿಂದ ನಿನ್ನನ್ನು 'ಬಾರೇ' ಎಂದು ಕರೆದವಳು 'ಬನ್ನಿ' ಅಂದಳು. ಬಟ್ಟೆ ಒಯ್ಯಲು ಬಂದ ಯಾರೋ ಗಿರಾಕಿ ಎಂದುಕೊಂಡಿದ್ದಳು. ನೀನು "ಆಯ್ತು, ಸೋಮವಾರ ಬರ್ತೀನಿ" ಅಂದೆ, ನಿಜವಾದ ಗಿರಾಕಿಯ ಹಾಗೆ. ನಾನು ಬಾಗಿಲ ಹತ್ತಿರ ನಿಂತು ಇದನ್ನೆಲ್ಲ ಕೇಳಿಸಿಕೊಂಡೆ. ಶನಿವಾರ ಹೋಗಿಬಿಟ್ಟಳು. ಕಾರಿಡಾರಿನಲ್ಲಿ ನೀನು ನನಗೆ ಹೇಳಿದ ಕೊನೆಯ ಮಾತು, "ಅವಳಿಗೆ ನೆಮ್ಮದೀನೂ ಸಿಗಲಿಲ್ಲ, ನನಗೆ ಅವಳೂ ಸಿಗಲಿಲ್ಲ. ಇಬ್ಬರಿಗೂ ಅರ್ಧರ್ಧ ಹಂಚಿಬಿಟ್ರಿ ಅಪ್ಪಾ." ಅದರಲ್ಲಿ ತಿದ್ದುವಂಥದ್ದು ಏನೂ ಇಲ್ಲ. ನಿನ್ನ ಎಂಟು ತಿಂಗಳ ಮೌನವನ್ನೂ ನಾನು ದೂರುವುದಿಲ್ಲ. ರೇಡಿಯೋದವರ ವ್ಯಾಕರಣವನ್ನು ಈಗಲೂ ಜೋರಾಗಿ ತಿದ್ದುತ್ತಿರುತ್ತೇನೆ, "ಸಾಕು, ಸುಮ್ನಿರ್ರೀ" ಎನ್ನುವವರಿಲ್ಲ. ಈ ಮನೆಯಲ್ಲಿ ಅವಳಿಲ್ಲದೆ ಇರುವುದು ಕಷ್ಟ. ಅವಳೂ ಇಲ್ಲದೆ ನೀನೂ ಇಲ್ಲದೆ ಇರುವುದು ನನ್ನ ಕೈಯಲ್ಲಿ ಆಗುತ್ತಿಲ್ಲ.

ಪ್ರೂಫ್ ಇದರ ಜೊತೆಗೇ ವಾಪಸ್ ಬರುತ್ತಿದೆ. ಸಿಕ್ಕಿದ ತಪ್ಪುಗಳು ಮೂರೇ. ಒಂಬತ್ತನೆಯ ಪುಟದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ, ನಲವತ್ತಾರರಲ್ಲಿ 'ಆದರೆ' ಎರಡು ಸಲ ಬಂದಿದೆ, ಎಪ್ಪತ್ತರಲ್ಲಿ ಉದ್ಧರಣ ಚಿಹ್ನೆ ತೆರೆದದ್ದನ್ನು ಮುಚ್ಚಿಲ್ಲ. 'ಕೂಡದ' ಹನ್ನೊಂದು ಕಡೆಯೂ ಕೂಡದೆಯೇ ಇದೆ, ಒಂದೊಂದನ್ನೂ ಬೆರಳಿಟ್ಟು ನೋಡಿದ್ದೇನೆ. ಅರ್ಪಣೆಯ ಪುಟದಲ್ಲಿ ಮೊದಲ ಮುದ್ರಣದಲ್ಲಿ 'ಅಪ್ಪ ಅಮ್ಮನಿಗೆ' ಎಂದಿತ್ತು, ಈಗ 'ಅಮ್ಮನಿಗೆ' ಎಂದಷ್ಟೇ ಇದೆ. ಪದ ಬಿಟ್ಟುಹೋಗಿದೆ ಎಂದು ಗುರುತು ಹಾಕಿಲ್ಲ. ಅದು ಅಚ್ಚಿನ ತಪ್ಪಲ್ಲ ಎಂದು ಗೊತ್ತಾಗುವಷ್ಟು ಕನ್ನಡ ನನಗೆ ಬರುತ್ತದೆ.

ಬಡಗಿ ನಿನ್ನನ್ನು ಕೇಳಿದ ಎಂದು ತಿಳಿಸಲು ಹೇಳಿದ್ದಾನೆ. ನಿನ್ನ ಕೋಣೆಯ ಬಾಗಿಲು ಕಿರುಗುಟ್ಟುವುದನ್ನು ಹೇಳದೆಯೇ ಸರಿಮಾಡಿ ಹೋದ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕೆಮ್ಮು ಹೆಚ್ಚಾದರೆ ಉದಾಸೀನ ಮಾಡಬೇಡ. ನಿನ್ನ ಕೆಲಸ ಬೆಳೆಯಲಿ, ನಿನ್ನ ಕೈ ಹಿಡಿದದ್ದೆಲ್ಲ ಹಸನಾಗಲಿ. ಹರಸುವ ಯೋಗ್ಯತೆ ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು, ಆದರೂ ಹರಸುತ್ತೇನೆ.

ನಿನ್ನ,
ಅಪ್ಪ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಹರಿದೆ. ಡಬ್ಬಿಯಿಂದ ಅಂಚೆ ತೆಗೆಯುವವರು ಬರಲು ಇನ್ನು ಹತ್ತು ನಿಮಿಷವಿದೆ. ನಿನ್ನ ಪ್ರಶ್ನೆಗೆ ಬರುತ್ತೇನೆ ಎಂದವನು ಬರದೆಯೇ ಸಹಿ ಹಾಕಿಬಿಟ್ಟಿದ್ದೆ. ಹೇಳಿದ್ದಳು. ನಾನು ಕೇಳುವ ಮೊದಲೇ, ತಾನಾಗಿ ಹೇಳಿದ್ದಳು. ಡಾಕ್ಟರಮ್ಮ ಮಾತೆತ್ತುವ ಮೂರು ದಿನ ಮುಂಚೆ, ಭಾನುವಾರ, ನಾನು ಅವಳ ಉಗುರು ತೆಗೆಯುತ್ತಿದ್ದಾಗ. "ರೀ, ನೋವಾದ್ರೆ ಆಗ್ಲಿ. ಅವಳು ಬರೋವರೆಗೂ ನನ್ನನ್ನ ಮಲಗಿಸ್ಬೇಡಿ. ಅವಳಿಗೆ ಒಂದು ಮಾತು ಹೇಳೋದಿದೆ" ಅಂದಳು. ಹೂಂ ಅಂದೆ. ನನಗೆ ಹೇಳು, ತಡವಾದರೆ ನಾನೇ ತಲುಪಿಸುತ್ತೇನೆ ಅಂದೆ. ನಕ್ಕಳು. "ನಿಮಗೆ ಹೇಳಿದ್ರೆ ತಿದ್ದಿಬಿಡ್ತೀರಿ" ಅಂದಳು. ಬುಧವಾರ ಬೆಳಿಗ್ಗೆ ಅವಳು ನೋವಿಗೆ ಕೂಗಿದ್ದನ್ನು ಕೇಳಿ ತಡೆಯಲಾಗಲಿಲ್ಲ. ಅವಳಿಗಲ್ಲ, ನನಗೆ. ಅವಳು ತಡೆದುಕೊಳ್ಳುತ್ತಿದ್ದಳು. ಅವಳಿಗೆ ಹೂಂ ಅಂದದ್ದನ್ನು ನಾನು ಡಾಕ್ಟರಮ್ಮನಿಗೆ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಅವಳು ನಿನಗೆ ಹೇಳಬೇಕೆಂದಿದ್ದ ಮಾತು ಇದಿರಬಹುದು, ಅದಿರಬಹುದು ಎಂದು ಎಷ್ಟೋ ಸಲ ಊಹಿಸಿ ಬರೆದೆ, ಬರೆದದ್ದನ್ನೆಲ್ಲ ಹರಿದೆ. ಅದು ಏನಿತ್ತೆಂದು ನನಗೆ ಗೊತ್ತಿಲ್ಲ ಮಗಳೇ. ಗೊತ್ತಿದ್ದವಳು ಅವಳೊಬ್ಬಳೇ.